ಪಕ್ಕದ ಮನೆಯ ಸಿಗ್ನಲ್

ಗಡಿ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಮೂರು ಭಾಷೆ ಕಲಿಯಲು ಶಾಲೆ ಬೇಕಾಗುವುದಿಲ್ಲ. ನನ್ನ ತವರು ನೀಲಗಿರಿ ಜಿಲ್ಲೆಯ ಗೂಡಲೂರು. ನಮ್ಮ ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ತಮಿಳು, ಪಕ್ಕದ ಮನೆಯಲ್ಲಿ ಮಲಯಾಳ. ಊರಿನ ಬಸ್ ನಿಲ್ದಾಣದಲ್ಲಿ ನಿಂತರೆ ಒಂದು ಬಸ್ಸು ಊಟಿಗೆ ಹತ್ತುತ್ತದೆ, ಇನ್ನೊಂದು ಮುದುಮಲೈ, ಬಂಡೀಪುರದ ಕಾಡು ದಾಟಿ ಮೈಸೂರಿಗೆ ಇಳಿಯುತ್ತದೆ, ಮತ್ತೊಂದು ವಯನಾಡಿನ ಸುಲ್ತಾನ್ ಬತ್ತೇರಿಗೆ ಹೊರಡುತ್ತದೆ. ಹೆಣ್ಣು ಕೊಡುವುದು, ತರುವುದು, ಸಂತೆ, ಆಸ್ಪತ್ರೆ, ಸಾವು ನೋವು, ಎಲ್ಲಕ್ಕೂ ನಮ್ಮವರು ಈ ಮೂರು ದಾರಿಗಳನ್ನೂ ತುಳಿಯುತ್ತಾರೆ. ಕೆಕ್ಕನಹಳ್ಳದ ಚೆಕ್‌ಪೋಸ್ಟ್ ಬಂದಾಗ ಮಾತ್ರ ರಾಜ್ಯ ಬದಲಾಯಿತೆಂದು ನೆನಪಾಗುತ್ತಿತ್ತು. ಉಳಿದಂತೆ ನಮಗೆ ಗಡಿ ಎಂಬುದು ಅಷ್ಟಾಗಿ ಕಾಣಿಸುತ್ತಿರಲಿಲ್ಲ.

ಆ ಗಡಿಯನ್ನು ನಮ್ಮ ಕಿಸೆಯೊಳಗೇ ತಂದಿಟ್ಟದ್ದು ಮೊಬೈಲ್ ಫೋನ್.

ಈಗಿನ ಮಕ್ಕಳಿಗೆ ಇದನ್ನು ಹೇಳಿದರೆ ನಗುತ್ತಾರೆ. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಒಂದೇ ದರದಲ್ಲಿ ಮಾತನಾಡುವ ಅವರಿಗೆ 'ರೋಮಿಂಗ್' ಎಂಬ ಪದ ಕೇಳಿದರೆ ವಿದೇಶ ಪ್ರವಾಸ ನೆನಪಾಗುತ್ತದೆ. ನಮಗಾದರೋ ಗುಂಡ್ಲುಪೇಟೆ ದಾಟಿದೊಡನೆ ರೋಮಿಂಗ್ ಶುರುವಾಗುತ್ತಿತ್ತು. ಮೈಸೂರಿಗೆ ಮದುವೆಯಾಗಿ ಬಂದ ಮಗಳು, ಗೂಡಲೂರಿನಲ್ಲಿರುವ ಅಮ್ಮ, ಎರಡೂ ಊರಿನ ನಡುವೆ ತರಕಾರಿ ಗಾಡಿ ಓಡಿಸುವ ಅಣ್ಣ. ಒಂದು ಕುಟುಂಬದ ಮೂವರು ಮಾತನಾಡಿಕೊಳ್ಳಲು ಎಷ್ಟೆಲ್ಲ ಲೆಕ್ಕ ಹಾಕಬೇಕಿತ್ತು, ಆ ಲೆಕ್ಕದಲ್ಲಿ ಯಾವುದು ತೀರಿದೆ, ಯಾವುದು ಇನ್ನೂ ಬಾಕಿ ಇದೆ ಎಂಬುದನ್ನು ಹಂಚಿಕೊಳ್ಳಬೇಕೆನಿಸಿತು.

ಅತಿಥಿಯ ಬಾಡಿಗೆ

ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರೊಡನೆ ಮಾತನಾಡಿದರು. ಆಗ ಸರ್ಕಾರ ಇಡೀ ದೇಶಕ್ಕೆ ಒಂದೇ ಪರವಾನಗಿ ಕೊಡಲಿಲ್ಲ. ದೇಶವನ್ನು ಸರ್ಕಲ್‌ಗಳಾಗಿ ಹಂಚಿ ಒಂದೊಂದಕ್ಕೂ ಬೇರೆ ಬೇರೆ ಪರವಾನಗಿ ಕೊಟ್ಟಿತು. ಇಂದಿಗೂ ಅಂಥ 22 ವಲಯಗಳಿವೆ. ಕರ್ನಾಟಕ ಒಂದು, ತಮಿಳುನಾಡು ಇನ್ನೊಂದು, ಕೇರಳ ಮತ್ತೊಂದು. ಕೆಲವು ಕಂಪನಿಗಳು ಒಂದೆರಡು ಸರ್ಕಲ್‌ಗಳಲ್ಲಿ ಮಾತ್ರ ಇದ್ದವು. ಸ್ಪೈಸ್ ಎಂಬ ಕಂಪನಿ ನಿಮಗೆ ನೆನಪಿರಬಹುದು. ಅದು ಕರ್ನಾಟಕದಲ್ಲಿ ಮತ್ತು ದೂರದ ಪಂಜಾಬಿನಲ್ಲಿ ಇತ್ತು, ಪಕ್ಕದ ತಮಿಳುನಾಡಿನಲ್ಲಿ ಇರಲಿಲ್ಲ. ಹಾಗಾಗಿ ಅದರ ಗ್ರಾಹಕನೊಬ್ಬ ಊಟಿಗೆ ಹೋದರೆ ಅಲ್ಲಿ ಬೇರೊಂದು ಕಂಪನಿಯ ಟವರಿನ ಅತಿಥಿಯಾಗಬೇಕಿತ್ತು.

ಅತಿಥಿಯಾಗುವ ಬಗೆ ಹೀಗೆ. ಹೊಸ ಊರಿಗೆ ಕಾಲಿಟ್ಟ ಫೋನು ಅಲ್ಲಿನ ಟವರಿಗೆ ತನ್ನ ಸಿಮ್ಮಿನ ಗುರುತು ಹೇಳುತ್ತದೆ. ಆ ಜಾಲವು "ನಿಮ್ಮ ಕಡೆಯವರೊಬ್ಬರು ಇಲ್ಲಿಗೆ ಬಂದಿದ್ದಾರೆ, ಸೇರಿಸಿಕೊಳ್ಳಲೇ?" ಎಂದು ಸಿಮ್ಮಿನ ತವರು ಕಂಪನಿಯನ್ನು ಕೇಳುತ್ತದೆ. ತವರಿನಿಂದ ಒಪ್ಪಿಗೆ ಬಂದರೆ ಅತಿಥಿಗಳ ಪಟ್ಟಿಯಲ್ಲಿ ಹೆಸರು ಬರೆದುಕೊಳ್ಳುತ್ತದೆ. ತವರು ಕಂಪನಿಯೂ ತನ್ನ ದೊಡ್ಡ ಪುಸ್ತಕದಲ್ಲಿ "ನಮ್ಮ ಹುಡುಗ ಈಗ ಇಂಥ ಕಡೆ ಇದ್ದಾನೆ" ಎಂದು ಗುರುತು ಹಾಕಿಕೊಳ್ಳುತ್ತದೆ. ಇದೆಲ್ಲ ಕೆಲವೇ ಕ್ಷಣಗಳ ಕೆಲಸ. ಆಮೇಲೆ 'ತಮಿಳುನಾಡಿಗೆ ಸ್ವಾಗತ' ಎಂಬ ಸಂದೇಶ ಬರುತ್ತದೆ. ಆ ಸ್ವಾಗತ ಆಗೆಲ್ಲ ಪುಕ್ಕಟೆಯಾಗಿರಲಿಲ್ಲ.

ಅಣ್ಣ 2004ರಲ್ಲಿ ಫೋನು ತೆಗೆದುಕೊಂಡ. ಸಿಮ್ ಮಾತ್ರ ಕರ್ನಾಟಕದ್ದು, ಮೈಸೂರಿನಲ್ಲಿ ಕೊಂಡದ್ದು. ಅದಕ್ಕೆ ಕಾರಣವಿತ್ತು. ಊಟಿಯ ಕ್ಯಾರೆಟ್, ಬೀಟ್‌ರೂಟ್ ತುಂಬಿಕೊಂಡು ಅವನು ಹೋಗುತ್ತಿದ್ದುದು ಮೈಸೂರಿನ ಮಂಡಿಗೆ. ತಮಿಳುನಾಡಿನ ನಂಬರಾದರೆ ಮಂಡಿಯವರಿಗೆ ಎಸ್‌ಟಿಡಿ ದರ ಬೀಳುತ್ತಿತ್ತು, ಅವರು ಫೋನು ಮಾಡುತ್ತಲೇ ಇರಲಿಲ್ಲ. ಕರ್ನಾಟಕದ ನಂಬರಾದರೆ ಅವರಿಗೆ ಅದು ಸ್ಥಳೀಯ ಕರೆ. 2003ರ ಮೇ ತಿಂಗಳಿಂದ ದೇಶದಲ್ಲಿ ಒಳಬರುವ ಕರೆಗೆ ಹಣ ಕೊಡುವ ಪದ್ಧತಿ ಹೋಗಿತ್ತು, ಕರೆದವನೇ ಹಣ ಕೊಡಬೇಕು ಎಂದಾಗಿತ್ತು. ಆದರೆ ಈ ಉಚಿತ ನಮ್ಮ ಸರ್ಕಲ್ಲಿನೊಳಗೆ ಮಾತ್ರ. ಗಾಡಿ ಕೆಕ್ಕನಹಳ್ಳ ದಾಟಿತೋ, ಒಳಬರುವ ಕರೆಗೂ ಅಣ್ಣನೇ ಹಣ ಕೊಡಬೇಕು.

ಬೇರೆಯವರು ಕರೆದರೆ ಇವನೇಕೆ ಕೊಡಬೇಕು ಎಂದು ಅಮ್ಮ ಕೇಳುತ್ತಿದ್ದರು. ನ್ಯಾಯವಾದ ಪ್ರಶ್ನೆಯೇ. ಮೈಸೂರಿನಿಂದ ಅಣ್ಣನ ನಂಬರು ಒತ್ತಿದವನಿಗೆ ಅವನು ಗೂಡಲೂರಿನಲ್ಲಿದ್ದಾನೆಂದು ತಿಳಿಯದು. ತಾನು ಸ್ಥಳೀಯ ಕರೆ ಮಾಡಿದೆನೆಂದೇ ಅವನು ನಂಬಿರುತ್ತಾನೆ, ಅಷ್ಟೇ ಹಣ ಕೊಡುತ್ತಾನೆ. ಆ ಕರೆ ಮೊದಲು ಕರ್ನಾಟಕದ ಜಾಲಕ್ಕೆ ಹೋಗಿ, ಪುಸ್ತಕ ನೋಡಿ, ಅಲ್ಲಿಂದ ತಮಿಳುನಾಡಿಗೆ ಸಾಗುತ್ತದೆ. ಆ ಎರಡನೆಯ ಪ್ರಯಾಣದ ಖರ್ಚು, ಜೊತೆಗೆ ಪರರ ಟವರಿನ ಬಾಡಿಗೆ, ಊರು ಬಿಟ್ಟು ಬಂದವನ ಲೆಕ್ಕಕ್ಕೆ.

ಇದರಲ್ಲಿ ಇನ್ನೂ ಒಂದು ತಮಾಷೆ ಇತ್ತು. ಅಣ್ಣ ಊರಿಗೆ ಬಂದು ಅಂಗಳದಲ್ಲಿ ಗಾಡಿ ತೊಳೆಯುತ್ತಿರುವಾಗ ಅಮ್ಮ ಅಡುಗೆಮನೆಯಿಂದ ತಮ್ಮ ತಮಿಳುನಾಡಿನ ಫೋನಿನಲ್ಲಿ "ಊಟಕ್ಕೆ ಬಾ" ಎಂದು ಕರೆದರೆಂದು ಇಟ್ಟುಕೊಳ್ಳಿ. ಆ ಕರೆ ಗೂಡಲೂರು ಬಿಟ್ಟು ಕಾಡು ದಾಟಿ ಕರ್ನಾಟಕಕ್ಕೆ ಹೋಗಿ, ಅಲ್ಲಿ ಅಣ್ಣನ ವಿಳಾಸ ವಿಚಾರಿಸಿ, ಮತ್ತೆ ಕಾಡು ದಾಟಿ ಅಂಗಳಕ್ಕೆ ಬರಬೇಕು. ಕರೆದ ಅಮ್ಮನಿಗೆ ಎಸ್‌ಟಿಡಿ, ಕೇಳಿಸಿಕೊಂಡ ಮಗನಿಗೆ ರೋಮಿಂಗ್. ಅಮ್ಮ ಹಾಗೆ ಕರೆಯಲಿಲ್ಲವೆನ್ನಿ. ಅವರ ಗಂಟಲು ಆಗ ಯಾವ ಟವರಿಗೂ ಕಡಿಮೆ ಇರಲಿಲ್ಲ.

ಚೇರಂಬಾಡಿಯ ಚಿಕ್ಕಮ್ಮನ ಮನೆಯ ಕಥೆ ಇನ್ನೂ ಸ್ವಾರಸ್ಯ. ಅಲ್ಲಿಂದ ವಯನಾಡು ಕೂಗಳತೆ ದೂರ. ಮುಂದಿನ ಜಗುಲಿಯಲ್ಲಿ ಫೋನು ಹಿಡಿದರೆ ತಮಿಳುನಾಡಿನ ಸಿಗ್ನಲ್, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಬಳಿ ಹೋದರೆ ಕೇರಳದ್ದು. ರೇಡಿಯೋ ಅಲೆಗೆ ರಾಜ್ಯದ ಗಡಿ ತಿಳಿಯುವುದಿಲ್ಲ. ಫೋನಾದರೋ ಬಲವಾದ ಟವರು ಯಾವುದು ಸಿಕ್ಕಿತೋ ಅದನ್ನು ಹಿಡಿಯುತ್ತದೆ. ಬಟ್ಟೆ ಒಗೆಯುತ್ತ ಮಗನೊಡನೆ ಮಾತನಾಡಿದ ಚಿಕ್ಕಮ್ಮನ ಕರೆನ್ಸಿ ಅರ್ಧಕ್ಕರ್ಧ ಕರಗಿಹೋಗಿತ್ತು. ವಿಚಾರಿಸಲು ಹೋದರೆ ಕಂಪನಿಯವರು "ನೀವು ಕೇರಳಕ್ಕೆ ಹೋಗಿದ್ದಿರಿ" ಎಂದರು. "ನಾನು ಹಿತ್ತಲಿಗೆ ಹೋಗಿದ್ದೆ" ಎಂದು ಚಿಕ್ಕಮ್ಮ ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಕೊನೆಗೆ ಯಾರೋ ಹುಡುಗರು ಫೋನಿನಲ್ಲಿ ಜಾಲವನ್ನು ತಾನಾಗಿ ಹುಡುಕುವುದನ್ನು ನಿಲ್ಲಿಸಿ, ನಾವೇ ಆರಿಸುವ ಹಾಗೆ ಮಾಡಿಕೊಟ್ಟ ಮೇಲೆ ಆ ತೊಂದರೆ ತಪ್ಪಿತು.

ಎತ್ತಬಾರದ ಕರೆಗಳು

ಹಣ ಉಳಿಸಲು ನಾವು ಕಂಡುಕೊಂಡ ಉಪಾಯ ಮಿಸ್ ಕಾಲ್. ಇದು ನಮ್ಮ ಮನೆಯದೊಂದೇ ಅಲ್ಲ, ಆ ದಿನಗಳಲ್ಲಿ ಇಡೀ ದೇಶದ ಭಾಷೆಯಾಗಿತ್ತು. ಅಣ್ಣನಿಂದ ಒಂದು ರಿಂಗ್ ಬಂದರೆ ಗುಂಡ್ಲುಪೇಟೆ ದಾಟಿದ್ದಾನೆ. ಎರಡು ಸಲ ಬಂದರೆ ಲೋಡ್ ಇಳಿಸಿ ವಾಪಸು ಹೊರಟಿದ್ದಾನೆ. ಮೂರು ಸಲ ಬಂದರೆ ಏನೋ ಅವಸರ, ಎತ್ತಬೇಕು. ಅತ್ತಿಗೆ ಗೂಡಲೂರಿನಲ್ಲಿ, ನಾನು ಮೈಸೂರಿನಲ್ಲಿ, ಇಬ್ಬರೂ ರಿಂಗ್ ಎಣಿಸುತ್ತ ಕೂರುತ್ತಿದ್ದೆವು. ಪ್ರೀತಿಯ ಮಾತನ್ನು ಎಣಿಕೆಗೆ ಇಳಿಸಿಬಿಟ್ಟಿದ್ದೆವು ಎಂದು ಈಗ ಅನ್ನಿಸುತ್ತದೆ. ಆದರೆ ಅಂದಿನ ಸಂಪಾದನೆಯಲ್ಲಿ ಅದೇ ಜಾಣತನ.

2009ರಿಂದ ಈ ಎಣಿಕೆಗೆ ಇನ್ನೊಂದು ತೂಕ ಬಂತು. ವನ್ಯಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯುವುದನ್ನು ತಪ್ಪಿಸಲು ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಂತಿತು. ಕೆಲವು ಬಸ್ಸುಗಳು, ಆಂಬುಲೆನ್ಸ್‌ನಂಥ ತುರ್ತು ವಾಹನಗಳು ಬಿಟ್ಟರೆ ಬೇರಾವುದೂ ಹೋಗುವ ಹಾಗಿಲ್ಲ. ಕಾಡಿನ ಪ್ರಾಣಿಗಳಿಗೆ ಅದು ಒಳ್ಳೆಯದೇ, ನಾನು ಅದನ್ನು ದೂರುವವಳಲ್ಲ. ಆದರೆ ತವರಿನಲ್ಲಿ ವಯಸ್ಸಾದ ತಾಯಿ ಇರುವ ಮಗಳಿಗೆ ರಾತ್ರಿ ಒಂಬತ್ತಾಯಿತೆಂದರೆ ಆ ಗೇಟು ಎದೆಯೊಳಗೇ ಬಿದ್ದ ಹಾಗೆ. ಬೆಳಗಿನವರೆಗೆ ಆ ಕಾಡನ್ನು ದಾಟಬಲ್ಲದ್ದು ನಮ್ಮ ಪಾಲಿಗೆ ಫೋನಿನ ದನಿ ಒಂದೇ.

ದರಗಳು ಇಳಿಯುತ್ತ ಬಂದವು, ಒಂದೇ ದಿನದಲ್ಲಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2007ರ ಫೆಬ್ರವರಿಯಿಂದ ರೋಮಿಂಗ್‌ನ ತಿಂಗಳ ಬಾಡಿಗೆಯನ್ನೂ ಮೇಲ್ತೆರಿಗೆಯಂತಿದ್ದ ಹೆಚ್ಚುವರಿ ಶುಲ್ಕವನ್ನೂ ತೆಗೆಸಿತು. ಒಳಬರುವ ಕರೆಗೆ ನಿಮಿಷಕ್ಕೆ 1 ರೂಪಾಯಿ 75 ಪೈಸೆಗಿಂತ ಹೆಚ್ಚು ತೆಗೆದುಕೊಳ್ಳಬಾರದೆಂದಿತು. 2013ರ ಜುಲೈಯಲ್ಲಿ ಆ ಮಿತಿ 75 ಪೈಸೆಗೆ, 2015ರ ಮೇ ತಿಂಗಳಲ್ಲಿ 45 ಪೈಸೆಗೆ ಇಳಿಯಿತು. 2015ರ ಜೂನ್ 15ರಿಂದ ಬಿಎಸ್‌ಎನ್‌ಎಲ್ ತನ್ನ ಗ್ರಾಹಕರಿಗೆ ರೋಮಿಂಗ್‌ನಲ್ಲಿ ಒಳಬರುವ ಕರೆಯನ್ನು ಪೂರ್ತಿ ಉಚಿತ ಮಾಡಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ರೋಮಿಂಗ್ ಶುಲ್ಕವೇ ಇಲ್ಲದೆ ಬಂದಿತು. 2017ರ ಏಪ್ರಿಲ್‌ನಿಂದ ಏರ್‌ಟೆಲ್ ದೇಶದೊಳಗಿನ ರೋಮಿಂಗ್ ಶುಲ್ಕವನ್ನು ಕೈಬಿಟ್ಟಿತು. ಹೀಗೆ ಆ ಗೋಡೆ ಉರುಳಿತು.

ಇದನ್ನು ಕೇಳಿದ ದಿನ ಅಣ್ಣ ಗೂಡಲೂರಿನಿಂದ ಫೋನು ಮಾಡಿ, "ಇನ್ನು ಮೇಲೆ ಎತ್ತು ತಾಯಿ, ಎಣಿಸಬೇಡ" ಎಂದ. ಹನ್ನೆರಡು ವರ್ಷಕ್ಕೂ ಮೀರಿದ ಅಭ್ಯಾಸ. ಮೊದಲ ವಾರವೆಲ್ಲ ಒಂದು ರಿಂಗ್ ಆದ ಮೇಲೆ ಕೈ ತಾನಾಗಿ ನಿಲ್ಲುತ್ತಿತ್ತು.

ಎರಡನೆಯ ಗೋಡೆ

ಇಷ್ಟಾದ ಮೇಲೆ ಎಲ್ಲ ಸರಿಯಾಯಿತೆಂದೇ ನಾವು ತಿಳಿದಿದ್ದೆವು. ಇನ್ನೊಂದು ಗೋಡೆ ಇದೆಯೆಂದು ಗೊತ್ತಾದದ್ದು 2019ರ ಆಗಸ್ಟಿನಲ್ಲಿ.

ಆ ವರ್ಷದ ಮಳೆಯನ್ನು ನೀಲಗಿರಿಯವರು ಮರೆಯಲಾರರು. ಆಗಸ್ಟ್ 8ರಂದು ಊಟಿಯಾಚೆಯ ಅವಲಾಂಚಿಯಲ್ಲಿ 24 ಗಂಟೆಗಳಲ್ಲಿ 82 ಸೆಂಟಿಮೀಟರ್ ಮಳೆ ಸುರಿಯಿತು. ಗೂಡಲೂರು, ಪಂದಲೂರು ಕಡೆಯೂ ಮಳೆ ಬಿಡಲಿಲ್ಲ. ಮರ ಬಿದ್ದು, ಮಣ್ಣು ಜರಿದು ರಸ್ತೆಗಳು ಕಟ್ಟಿಕೊಂಡವು, ಕರೆಂಟು ಹೋಯಿತು. ಅಣ್ಣನೂ ಅತ್ತಿಗೆಯೂ ಆ ಹೊತ್ತಿನಲ್ಲಿ ಮೈಸೂರಿನಲ್ಲಿ ನಮ್ಮಲ್ಲಿದ್ದರು. ಅಮ್ಮ ಒಬ್ಬರೇ. ಅವರಿಗೆ ದಮ್ಮಿನ ಕಾಯಿಲೆ, ಥಂಡಿಯಾದರೆ ಉಸಿರು ಕಟ್ಟುತ್ತದೆ.

ಅಮ್ಮನ ನಂಬರು ಒತ್ತಿದರೆ 'ನೀವು ಕರೆ ಮಾಡಿದವರು ವ್ಯಾಪ್ತಿಯ ಹೊರಗಿದ್ದಾರೆ' ಎಂದು ತಮಿಳಿನಲ್ಲಿ ಒಬ್ಬಳು ಸಮಾಧಾನವಾಗಿ ಹೇಳುತ್ತಿದ್ದಳು. ಮೊದಲ ದಿನ ಹತ್ತು ಸಲ ಕೇಳಿದೆ. ಎರಡನೆಯ ದಿನ ಎಣಿಸಲಿಲ್ಲ. ಅಣ್ಣ ಊಟ ಬಿಟ್ಟ, ರಸ್ತೆ ತೆರೆಯಿತೇ ಎಂದು ಕಂಡಕಂಡ ಡ್ರೈವರುಗಳನ್ನು ಕೇಳಿದ. ಮೂರನೆಯ ಬೆಳಿಗ್ಗೆ ಆರೂವರೆಗೆ ನನ್ನ ಫೋನು ಬಡಿದುಕೊಂಡಿತು. ಗುರುತಿಲ್ಲದ ನಂಬರು. ಎತ್ತಿದರೆ ಮಲಯಾಳದ ದನಿ, ಪಕ್ಕದ ಮನೆಯ ಚೇಚಿ. "ಅಮ್ಮ ಇಲ್ಲೇ ಇದ್ದಾರೆ, ಕೊಡ್ತೀನಿ" ಎಂದರು.

ಅಮ್ಮನ ಉಸಿರು ಎಳೆಯುತ್ತಿತ್ತು. ಔಷಧಿ ಎರಡು ದಿನದ ಹಿಂದೆಯೇ ಮುಗಿದಿತ್ತು. ಯಾವ ಔಷಧಿ, ಎಷ್ಟು ಶಕ್ತಿಯದು ಎಂದು ಅಮ್ಮನಿಗೆ ಹೇಳಲು ತಿಳಿಯದು, ಚೀಟಿ ನನ್ನ ಬಳಿ ಇತ್ತು. ನಾನು ಓದಿ ಹೇಳಿದೆ, ಚೇಚಿಯ ಮಗ ಬರೆದುಕೊಂಡ. ಆ ಹುಡುಗ ಮಣ್ಣು ಜರಿದ ದಾರಿಯಲ್ಲಿ ನಡೆದೇ ಪೇಟೆಗೆ ಹೋಗಿ ಔಷಧಿ ತಂದುಕೊಟ್ಟ. ಮಧ್ಯಾಹ್ನದ ಹೊತ್ತಿಗೆ ಅಮ್ಮ ಅದೇ ಫೋನಿನಲ್ಲಿ ಮತ್ತೆ ಮಾತನಾಡಿದರು. ಉಸಿರು ಸ್ವಲ್ಪ ಸಡಿಲವಾಗಿತ್ತು.

ಎರಡು ಮನೆಗಳ ನಡುವೆ ಇರುವುದು ಒಂದು ದಾಸವಾಳದ ಬೇಲಿ. ಚೇಚಿಯ ಫೋನಿನಲ್ಲಿ ಸಿಗ್ನಲ್ ಇತ್ತು, ಅಮ್ಮನ ಫೋನಿನಲ್ಲಿ ಇರಲಿಲ್ಲ, ಏಕೆಂದರೆ ಕಂಪನಿ ಬೇರೆ. ಕರೆಂಟು ಹೋದರೆ ಟವರು ಬ್ಯಾಟರಿಯಲ್ಲಿ, ಡೀಸೆಲ್ ಜನರೇಟರಿನಲ್ಲಿ ನಡೆಯಬೇಕು. ಬ್ಯಾಟರಿ ಇಳಿದು, ಡೀಸೆಲ್ ತರುವ ದಾರಿ ಮುಚ್ಚಿದರೆ ಟವರೂ ಮಲಗುತ್ತದೆ. ಒಂದು ಕಂಪನಿಯದು ಮಲಗಿತು, ಇನ್ನೊಂದರದು ಎದ್ದಿತ್ತು.

ಆಮೇಲೆ ಊರಿಗೆ ಹೋದಾಗ ಅಮ್ಮ ಒಂದು ಮಾತು ಹೇಳಿದರು. ಆ ಮೂರು ದಿನ ಅವರ ಫೋನಿನ ಮೇಲೆ 'ತುರ್ತು ಕರೆಗಳು ಮಾತ್ರ' ಎಂದು ಬರೆದಿತ್ತಂತೆ. ಚೇಚಿಯ ಮಗ ಅದನ್ನು ಓದಿ ಹೇಳಿದನಂತೆ. "ಮಗಳಿಗೆ ಮಾಡುವುದು ತುರ್ತಲ್ಲವಾ?" ಎಂದು ಅಮ್ಮ ನನ್ನನ್ನು ಕೇಳಿದರು.

ಆ ನಾಲ್ಕು ಅಕ್ಷರದ ಅರ್ಥ ನಿಮಗೂ ತಿಳಿದಿರಲಿ. ಸಿಗ್ನಲ್ಲೇ ಇಲ್ಲದಿದ್ದರೆ ಫೋನು ಸಾಮಾನ್ಯವಾಗಿ 'ಸೇವೆ ಇಲ್ಲ' ಎನ್ನುತ್ತದೆ. 'ತುರ್ತು ಕರೆಗಳು ಮಾತ್ರ' ಎಂದರೆ ಸಿಗ್ನಲ್ ಇದೆ, ಆದರೆ ಅದು ನಿಮ್ಮದಲ್ಲ ಎಂದರ್ಥ. ಪರರ ಟವರು ನಿಮ್ಮ ಫೋನಿಗೆ ಕಾಣಿಸುತ್ತಿದೆ, ನಿಮ್ಮ ಫೋನೂ ಅದಕ್ಕೆ ಕಾಣಿಸುತ್ತಿದೆ. ಅತಿಥಿಯಾಗಿ ಸೇರಿಸಿಕೊಳ್ಳಲು ಒಪ್ಪಂದವಿಲ್ಲ, ಅಷ್ಟೇ. ದೂರದ ಸರ್ಕಲ್ಲಿನಿಂದ ಬಂದವನಿಗೆ ತೆರೆಯಬಹುದಾಗಿದ್ದ ಬಾಗಿಲು ಅದೇ ಊರಿನ ಮುದುಕಿಗೆ ತೆರೆಯಲಿಲ್ಲ. ರೋಮಿಂಗ್ ಎಂಬ ಏರ್ಪಾಡು ಪ್ರವಾಸಿಗಾಗಿ ಹುಟ್ಟಿದ್ದು. ಊರಿನಲ್ಲೇ ಇರುವವರು ಪಕ್ಕದ ಕಂಪನಿಯ ಟವರನ್ನು ಬಳಸುವುದು ಬೇರೆಯೇ ವಿಷಯ, ಅದಕ್ಕೆ ಸರ್ಕಲ್ ಒಳಗಿನ ರೋಮಿಂಗ್ ಎನ್ನುತ್ತಾರೆ.

ಇದು ಯಂತ್ರಕ್ಕೆ ಆಗದ ಕೆಲಸವಲ್ಲ. ಇದರ ಮೇಲೆ ನಮ್ಮ ದೇಶದಲ್ಲಿ ದೊಡ್ಡ ವ್ಯಾಜ್ಯವೇ ನಡೆದಿದೆ. 2010ರ 3ಜಿ ಹರಾಜಿನಲ್ಲಿ ಯಾವ ಖಾಸಗಿ ಕಂಪನಿಗೂ ಎಲ್ಲ ಸರ್ಕಲ್‌ಗಳು ಸಿಗಲಿಲ್ಲ. ಏರ್‌ಟೆಲ್, ವೊಡಾಫೋನ್, ಐಡಿಯಾ ಮೂರೂ ಕೂಡಿ, ತಮಗಿಲ್ಲದ ಕಡೆ ಒಬ್ಬರ ಜಾಲದಲ್ಲಿ ಇನ್ನೊಬ್ಬರ ಗ್ರಾಹಕರು ಎಂದು ಒಪ್ಪಂದ ಮಾಡಿಕೊಂಡವು. 2011ರ ಡಿಸೆಂಬರಿನಲ್ಲಿ ಸರ್ಕಾರ ಇದನ್ನು ನಿಲ್ಲಿಸಲು ಹೇಳಿತು. 2014ರ ಏಪ್ರಿಲ್‌ನಲ್ಲಿ ದೂರಸಂಪರ್ಕ ನ್ಯಾಯಮಂಡಳಿ ಕಂಪನಿಗಳ ಪರವಾಗಿ ತೀರ್ಪಿತ್ತಿತು. ಅಂದರೆ ಕಂಪನಿಗಳಿಗೆ ಲಾಭ ಕಂಡಾಗ ಗೋಡೆಯಲ್ಲಿ ಬಾಗಿಲು ಮಾಡಲು ಬರುತ್ತದೆ. ಬೆಟ್ಟದ ಮೇಲೆ ನಿಂತ ಒಂದೇ ಉಕ್ಕಿನ ಕಂಬದಲ್ಲಿ ಎರಡು ಮೂರು ಕಂಪನಿಗಳ ಆಂಟೆನಾಗಳು ಅಕ್ಕಪಕ್ಕ ಇರುವುದನ್ನು ನೀವೂ ನೋಡಿರುತ್ತೀರಿ. ಬಾಡಿಗೆ ಉಳಿಸಲು ಕಂಬವನ್ನು ಹಂಚಿಕೊಳ್ಳುತ್ತಾರೆ, ಸಿಗ್ನಲನ್ನು ಹಂಚಿಕೊಳ್ಳುವುದಿಲ್ಲ.

ಈಗ ಸ್ವಲ್ಪ ಬೆಳಕು ಕಾಣುತ್ತಿದೆ. ಕುಗ್ರಾಮಗಳಲ್ಲಿ ಸರ್ಕಾರದ ನಿಧಿಯಿಂದ ಎಬ್ಬಿಸಿದ 4ಜಿ ಟವರುಗಳನ್ನು ಬೇರೆ ಕಂಪನಿಗಳ ಗ್ರಾಹಕರೂ ಬಳಸುವ ಯೋಜನೆಯನ್ನು 2025ರ ಜನವರಿಯಲ್ಲಿ ಕೇಂದ್ರ ಸಂಪರ್ಕ ಸಚಿವರು ಆರಂಭಿಸಿದರು. ಸುಮಾರು 27,000 ಟವರುಗಳು ಇದರಲ್ಲಿ ಸೇರುತ್ತವೆ ಎಂದು ಸರ್ಕಾರ ಹೇಳಿತು. ಅದೇ ವರ್ಷ ಜಮ್ಮು ಮತ್ತು ಕಾಶ್ಮೀರದಲ್ಲಿ ಪ್ರವಾಹ ಬಂದಾಗ, ಯಾವ ಕಂಪನಿಯ ಸಿಮ್ ಇದ್ದರೂ ಸಿಕ್ಕಿದ ಜಾಲದಲ್ಲಿ ಮಾತನಾಡುವ ಹಾಗೆ ಕೆಲವು ದಿನ ಸರ್ಕಾರ ಏರ್ಪಾಡು ಮಾಡಿಸಿತು. ಸರ್ಕಾರದ ಹಣದಲ್ಲಿ ಕಟ್ಟಿದ ಟವರಿಗೆ, ಆಪತ್ತಿನ ದಿನಕ್ಕೆ ಸಲ್ಲುವ ಈ ನ್ಯಾಯ ನಮ್ಮ ಬೆಟ್ಟಗಳ ಎಲ್ಲ ದಿನಕ್ಕೂ ಸಲ್ಲಬೇಕೆಂಬುದು ನನ್ನ ಆಸೆ. ಮಳೆಗಾಲದಲ್ಲಿ ಗೂಡಲೂರಿನಂಥ ಊರಿನವರಿಗೆ ಆಪತ್ತು ಮುನ್ಸೂಚನೆ ಕೊಟ್ಟು ಬರುವುದಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು

ಕಾನೂನು ಬದಲಾಗುವ ತನಕ ಕಾಯುತ್ತ ಕೂರುವಂತಿಲ್ಲ. ನಮ್ಮಂತೆ ವಯಸ್ಸಾದವರನ್ನು ದೂರದಲ್ಲಿ ಬಿಟ್ಟಿರುವ ಕುಟುಂಬಗಳು ನಮ್ಮಲ್ಲಿ ಅನೇಕ. ನಾವು ಕಂಡುಕೊಂಡ ನಾಲ್ಕು ವಿಷಯಗಳನ್ನು ಹೇಳುತ್ತೇನೆ.

ಮೊದಲನೆಯದು, ಸಿಮ್ ಆರಿಸುವಾಗ ಜಾಹೀರಾತು ನೋಡಬೇಡಿ, ಹಾಸಿಗೆ ನೋಡಿ. ಅಪ್ಪ ಅಮ್ಮ ಮಲಗುವ ಜಾಗದಲ್ಲಿ, ಅಡುಗೆಮನೆಯಲ್ಲಿ, ಬಚ್ಚಲ ಬಳಿ ಯಾವ ಕಂಪನಿಯ ಸಿಗ್ನಲ್ ನಿಲ್ಲುತ್ತದೆ ಎಂದು ನೆಂಟರ ಫೋನುಗಳನ್ನು ಹಿಡಿದು ನೋಡಿ. ನಗರದಲ್ಲಿ ಚೆನ್ನಾಗಿರುವುದು ಕಣಿವೆಯಲ್ಲೂ ಚೆನ್ನಾಗಿರಬೇಕೆಂದಿಲ್ಲ. ಬೆಟ್ಟ ಅಡ್ಡ ಬಂದರೆ ಅಲೆ ಮುಂದೆ ಬರುವುದಿಲ್ಲ.

ಎರಡನೆಯದು, ಕಂಪನಿ ಬದಲಾಯಿಸಲು ನಂಬರು ಬದಲಾಯಿಸಬೇಕಿಲ್ಲ. 2011ರ ಜನವರಿ 20ರಿಂದ ಈ ಸೌಲಭ್ಯ ಇಡೀ ದೇಶಕ್ಕೆ ಬಂದಿದೆ. 2015ರ ಜುಲೈ 3ರಿಂದ ಒಂದು ರಾಜ್ಯದ ನಂಬರನ್ನು ಇನ್ನೊಂದು ರಾಜ್ಯಕ್ಕೂ ಒಯ್ಯಬಹುದು. ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ನಿಮ್ಮ ನಂಬರು ಸೇರಿಸಿ 1900ಕ್ಕೆ ಎಸ್‌ಎಂಎಸ್ ಮಾಡಿದರೆ ಎಂಟು ಅಕ್ಷರಗಳ ಸಂಕೇತ ಬರುತ್ತದೆ. ಅದು ನಮ್ಮ ಕಡೆ ನಾಲ್ಕು ದಿನ ಮಾತ್ರ ಚಾಲ್ತಿಯಲ್ಲಿರುತ್ತದೆ. ಅಷ್ಟರೊಳಗೆ ಗುರುತಿನ ದಾಖಲೆಯೊಡನೆ ಹೊಸ ಕಂಪನಿಯ ಅಂಗಡಿಗೆ ಹೋಗಬೇಕು. ಹಳೆಯ ಕಂಪನಿಯಲ್ಲಿ 90 ದಿನ ಆಗಿರಬೇಕು, ಬಾಕಿ ಇರಬಾರದು. 2018ರ ಫೆಬ್ರವರಿಯಲ್ಲಿ ಏರ್‌ಸೆಲ್ ಮುಳುಗಿದಾಗ ತಮಿಳುನಾಡಿನಲ್ಲಿ ಜನ ಅಂಗಡಿಗಳ ಮುಂದೆ ಸಾಲುಗಟ್ಟಿ ನಿಂತು ತಮ್ಮ ನಂಬರುಗಳನ್ನು ಉಳಿಸಿಕೊಂಡದ್ದು ಈ ಸೌಲಭ್ಯದಿಂದಲೇ. ವಯಸ್ಸಾದವರಿಗೆ ಹಳೆಯ ನಂಬರು ಒಂದು ಆಸ್ತಿ. ಬ್ಯಾಂಕು, ಪಿಂಚಣಿ, ಗ್ಯಾಸು ಎಲ್ಲ ಅದಕ್ಕೇ ಕಟ್ಟಿಕೊಂಡಿರುತ್ತದೆ.

ಮೂರನೆಯದು, 112. 'ತುರ್ತು ಕರೆಗಳು ಮಾತ್ರ' ಎಂದು ಕಂಡಾಗಲೂ ಈ ನಂಬರು ಒತ್ತಿ. ಮೊಬೈಲಿನ ಜಾಗತಿಕ ನಿಯಮದಲ್ಲೇ ಇದಕ್ಕೆ ಜಾಗವಿದೆ. ನಿಮ್ಮ ಕಂಪನಿಯ ಟವರು ಸಿಗದಿದ್ದರೆ ಫೋನು ಹತ್ತಿರ ಸಿಕ್ಕಿದ ಯಾವ ಕಂಪನಿಯ ಟವರಿನಿಂದಲಾದರೂ ಈ ಕರೆಯನ್ನು ದಾಟಿಸಲು ಪ್ರಯತ್ನಿಸುತ್ತದೆ. ಆಂಬುಲೆನ್ಸಿಗೆ 108 ಎಂದು ನಮಗೆಲ್ಲ ಬಾಯಿಪಾಠವಾಗಿದೆ, ಅದನ್ನು ಮರೆಯಬೇಕಿಲ್ಲ. ಆದರೆ ಸ್ವಂತ ಸಿಗ್ನಲ್ ಇಲ್ಲದ ಹೊತ್ತಿನಲ್ಲಿ ಎಲ್ಲ ಫೋನುಗಳಿಗೂ ಗುರುತಿರುವುದು 112. ಅಮ್ಮನಿಗೆ ಆ ಮೂರು ಅಂಕಿಗಳನ್ನು ಕಲಿಸಿದ್ದೇವೆ. ಮೊಮ್ಮಕ್ಕಳಿಗೆ ಮಾತ್ರ ಆಟಕ್ಕೆ ಒತ್ತಬಾರದೆಂದೂ ಹೇಳಿದ್ದೇವೆ.

ಕೊಲ್ಲಿ ದೇಶಗಳಲ್ಲಿ ಮಕ್ಕಳಿರುವವರು ಒಂದು ಮಾತು ನೆನಪಿಡಿ. ದೇಶದೊಳಗಿನ ರೋಮಿಂಗ್ ಗೋಡೆ ಬಿದ್ದಿದೆಯೇ ಹೊರತು ವಿದೇಶದ್ದು ಬಿದ್ದಿಲ್ಲ. ಮಕ್ಕಳನ್ನು ನೋಡಲು ವಿಮಾನ ಹತ್ತುವ ಮುಂಚೆ ಫೋನಿನಲ್ಲಿ ಡೇಟಾ ರೋಮಿಂಗ್ ನಿಲ್ಲಿಸಿ, ಬೇಕಾದರೆ ಸರಿಯಾದ ಪ್ಯಾಕ್ ಕೇಳಿ ಹಾಕಿಸಿಕೊಳ್ಳಿ.

ನಾಲ್ಕನೆಯದು ಎಲ್ಲಕ್ಕಿಂತ ಅಗ್ಗ. ನಿಮ್ಮ ತಂದೆತಾಯಿಯ ಅಕ್ಕಪಕ್ಕದಲ್ಲಿ ಬೇರೆ ಕಂಪನಿಯ ಫೋನು ಇರುವ ಒಬ್ಬರ ನಂಬರು ನಿಮ್ಮಲ್ಲಿರಲಿ, ನಿಮ್ಮ ನಂಬರು ಅವರಲ್ಲಿರಲಿ. ಅಮ್ಮನ ನೆರೆಯವರು ಯಾರು, ಅವರ ಮಕ್ಕಳ ಹೆಸರೇನು, ಹಬ್ಬಕ್ಕೆ ಅವರ ಮನೆಗೆ ಏನು ಹೋಯಿತು ಎಂದು ಕೇಳುವ ಮಗಳಿಗೆ ಆ ನಂಬರು ತಾನಾಗಿ ಸಿಗುತ್ತದೆ. ನಮ್ಮ ಚೇಚಿ ಅಂದು ತಮ್ಮ ಬ್ಯಾಟರಿಯಲ್ಲಿ ಉಳಿದಿದ್ದ ಒಂದೆರಡು ಗೆರೆಯನ್ನು ತಮ್ಮ ಮಗಳಿಗೆಂದು ಉಳಿಸಿಕೊಳ್ಳಬಹುದಿತ್ತು. ಅವರ ಮಗಳೂ ನಿಲಂಬೂರಿನಲ್ಲಿ ಮಳೆಯಲ್ಲಿ ಸಿಕ್ಕಿಕೊಂಡಿದ್ದಳೆಂದು ನನಗೆ ತಿಳಿದದ್ದು ಆಮೇಲೆ. ಆದರೂ ಮೊದಲ ಕರೆ ನನಗೆ ಬಂತು.

ಅಮ್ಮನ ಫೋನಿನಲ್ಲಿ ಈಗ ಎರಡು ಸಿಮ್‌ಗಳಿವೆ, ಎರಡು ಬೇರೆ ಬೇರೆ ಕಂಪನಿಗಳವು. ಗೋಡೆಯ ಕ್ಯಾಲೆಂಡರಿನಲ್ಲಿ ದಪ್ಪ ಅಕ್ಷರಗಳಲ್ಲಿ ಮೂರು ನಂಬರುಗಳನ್ನು ಅಣ್ಣ ಬರೆದಿದ್ದಾನೆ: ನನ್ನದು, 112, ಮತ್ತು ಚೇಚಿಯದು. ಪ್ರತಿ ಜನವರಿಯಲ್ಲಿ ಕ್ಯಾಲೆಂಡರ್ ಬದಲಾದಾಗ ಅಮ್ಮ ಆ ಮೂರನ್ನೂ ಹೊಸದಕ್ಕೆ ಬರೆಸುತ್ತಾರೆ. ಕಳೆದ ಸಲ ಹೋದಾಗ ಚೇಚಿಯ ಮನೆಯ ಗೋಡೆ ನೋಡಿದೆ. ಅಲ್ಲಿ ಮಲಯಾಳದ ಕ್ಯಾಲೆಂಡರಿನಲ್ಲಿ ಅಮ್ಮನ ಎರಡು ನಂಬರುಗಳೂ ನನ್ನದೂ ಬರೆದಿದ್ದವು.